ಬೀಡಿಯ ವಿಷಯ ಲೋಕಸಭೆಗೆ ತಿಳಿಸಿದ್ದು

ತನಗೆ ಗೊತ್ತಿಲ್ಲದ ವಿಷಯದ ಮೇಲೆ ಒಂದು ಗಂಟೆ ಮಾತನಾಡಬಲ್ಲವನನ್ನು ನಮ್ಮಲ್ಲಿ ಪಂಡಿತ ಎನ್ನುತ್ತಾರೆ. ಅಂಥ ಏಳು ಮಂದಿ ಒಂದೇ ಕೋಣೆಯಲ್ಲಿ ಕುಳಿತರೆ ಅದು ವಿಚಾರ ವೇದಿಕೆ. ಐವತ್ತರ ದಶಕದ ಕೊನೆಗೆ ಮೂಡುಬಿದಿರೆಯಲ್ಲಿ ಇಂಥದೊಂದು ವೇದಿಕೆ ಇತ್ತೆಂದೂ, ಹೈಸ್ಕೂಲು ಮಾಸ್ತರನಾದ ನಾನೇ ಅದರ ಕಾರ್ಯದರ್ಶಿಯಾಗಿದ್ದೆನೆಂದೂ ಒಪ್ಪಿಕೊಂಡುಬಿಡುತ್ತೇನೆ. ಊರಿನ ಒಂದೊಂದೇ ಸಮಸ್ಯೆಯನ್ನು ಚರ್ಚಿಸಿ ದಿಲ್ಲಿಯಲ್ಲಿರುವ ನಮ್ಮ ಲೋಕಸಭಾ ಸದಸ್ಯರಿಗೆ ತಿಳಿಸುವುದು ನಮ್ಮ ಉದ್ದೇಶ. "ನಾವು ಹೇಳದಿದ್ದರೆ ಅವರಿಗೆ ಯಾರು ಹೇಳ್ತಾರೆ?" ಎಂದು ಅಧ್ಯಕ್ಷರಾದ ವಕೀಲರು ಪ್ರತಿ ಸಭೆಯಲ್ಲೂ ಕೇಳುತ್ತಿದ್ದರು. ಉತ್ತರಕ್ಕೆ ಕಾಯದೆ ನೇರ ಹಿಮಾಲಯದ ಗಡಿಗೆ ಹೋಗಿಬಿಡುತ್ತಿದ್ದರು. ಅಲ್ಲಿಂದ ಅವರನ್ನು ಕೆಳಗಿಳಿಸುವಷ್ಟರಲ್ಲಿ ಅವಲಕ್ಕಿ ಖಾಲಿಯಾಗಿ ಸಭೆ ಮುಗಿದಿರುತ್ತಿತ್ತು.

ಒಮ್ಮೆ ಆ ಲೋಕಸಭಾ ಸದಸ್ಯರೇ ಕಾಗದ ಬರೆದರು. ಬೀಡಿ ಕೆಲಸಗಾರರ ಬಗ್ಗೆ ಸದನದಲ್ಲಿ ಮಾತಾಡಬೇಕೆಂದಿದ್ದೇನೆ, ಅವರ ಕಷ್ಟವೇನೆಂದು ನಿಮ್ಮ ವೇದಿಕೆಯಿಂದ ತಿಳಿಯಬೇಕು ಎಂದು. ನಾನು ರಜೆ ಹಾಕಿ, ಮಂಗಳೂರಿಗೆ ಹೋಗಿ, ಗ್ರಂಥಾಲಯದ ಧೂಳು ಕುಡಿದು ಇಪ್ಪತ್ತೆರಡು ಪುಟದ ಪ್ರಬಂಧ ಬರೆದೆ. ಹೊಗೆಸೊಪ್ಪು ಸಮುದ್ರ ದಾಟಿ ಭಾರತಕ್ಕೆ ಬರುವಷ್ಟರಲ್ಲೇ ಹದಿನಾಲ್ಕು ಪುಟ ಮುಗಿದಿತ್ತು. ಸದಸ್ಯರು ದಿಲ್ಲಿಯಿಂದ ಊರಿಗೆ ಬಂದಾಗ ಕರೆದ ಸಭೆಯಲ್ಲಿ ನಾನದನ್ನು ಓದುವಾಗ ಅವರು ಕಣ್ಣು ಮುಚ್ಚಿದ್ದರು. ಏಕಾಗ್ರತೆ ಅಂದುಕೊಂಡು ನಾನು ಧ್ವನಿ ಏರಿಸಿದೆ. ಅವರು ಬೆಚ್ಚಿ ಎದ್ದು, "ಬೀಡಿ ಕಟ್ಟುವವರು ಯಾರೂ ಬರಲಿಲ್ವಾ?" ಎಂದು ಕೇಳಿದರು. ವಕೀಲರು ನಕ್ಕರು. "ಅವರಿಗೆ ಈ ವಿಷಯ ಎಲ್ಲಿ ಅರ್ಥ ಆಗ್ತದೆ ಸಾರ್?"

ಊಟದ ಏರ್ಪಾಡು ನಮ್ಮ ಮನೆಯಲ್ಲಿತ್ತು. ಏಳೂ ಪಂಡಿತರು ಸದಸ್ಯರ ಹಿಂದೆ ಅಂಗಳಕ್ಕೆ ಬಂದಾಗ, ಜಗಲಿಯಲ್ಲಿ ಅಪ್ಪಿಯಕ್ಕ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಪಕ್ಕದ ಮನೆಯವಳು. ಬೆಳಕು ಚೆನ್ನಾಗಿದೆಯೆಂದು ಆರು ವರ್ಷಗಳಿಂದ ನಮ್ಮ ಜಗಲಿಯಲ್ಲೇ ಕೂರುತ್ತಿದ್ದಳು. ನಾನು ಶಾಲೆಗೆ ಹೋಗುವಾಗ ಅವಳ ಮೊರ ದಾಟಿಯೇ ಹೋಗಬೇಕು. ಸದಸ್ಯರು ಸೀದಾ ಮೆಟ್ಟಿಲ ಮೇಲೆ ಕುಳಿತು, "ಈ ಕೆಲಸದಲ್ಲಿ ಏನು ಕಷ್ಟ ಅಕ್ಕ?" ಎಂದರು. ಅವಳು ಗಾಬರಿಯಿಂದ ನನ್ನ ಹೆಂಡತಿಯನ್ನು ನೋಡಿದಳು. "ಹೇಳಿ ಅಪ್ಪಿಯಕ್ಕ, ನನ್ನ ಹತ್ರ ದಿನಾ ಹೇಳ್ತೀರಲ್ಲ, ಅದನ್ನೇ" ಎಂದಳು ಇವಳು.

"ನಾವು ಕಟ್ಟಿ ಕೊಟ್ಟದ್ದರಲ್ಲಿ ಇದು ಸರಿ ಇಲ್ಲ, ಇದು ಸರಿ ಇಲ್ಲ ಅಂತ ಕಂತ್ರಾಟುದಾರ ತೆಗೆದಿಡ್ತಾನೆ ಧನಿ. ಅದಕ್ಕೆ ಮಜೂರಿ ಇಲ್ಲ."

"ತೆಗೆದಿಟ್ಟದ್ದನ್ನು ನಿಮಗೆ ಹಿಂದೆ ಕೊಡ್ತಾನಾ?"

"ಎಲ್ಲಿ! ಅದನ್ನೂ ಮಾರ್ತಾನೆ. ನಾವು ಕೊಡುವಾಗ ಹಾಳು, ಅವ ಮಾರುವಾಗ ಒಳ್ಳೇದು. ಕೇಳಿದ್ದಕ್ಕೆ ಮೊನ್ನೆ ಒಂದು ವಾರ ನನಗೆ ಕಟ್ಟಲಿಕ್ಕೆ ಎಲೆಯೇ ಕೊಡಲಿಲ್ಲ. ಮನೆಯಲ್ಲಿ ಗಂಜಿಗೆ ತತ್ವಾರ ಆಯ್ತು."

ಸದಸ್ಯರು ಬರೆದುಕೊಳ್ಳಲು ಕಾಗದ ಹುಡುಕಿದರು. ಕೈಯಲ್ಲಿದ್ದದ್ದು ನನ್ನ ಪ್ರಬಂಧ. ಅದನ್ನು ಮಗುಚಿ ಹಾಕಿ, ಹಿಂಬದಿಯ ಖಾಲಿ ಜಾಗದಲ್ಲಿ ಬರೆಯತೊಡಗಿದರು. ಕಡೆಗೂ ನನ್ನ ಪ್ರಬಂಧ ಉಪಯೋಗಕ್ಕೆ ಬಂತು. ಒಳಗೆ ಸಾರು ಆರುತ್ತಿತ್ತು. ವಕೀಲರು ಗಂಟಲು ಸರಿಪಡಿಸಿಕೊಂಡು ಗಡಿಯ ವಿಚಾರ ಎತ್ತಿದರು. "ಸ್ವಲ್ಪ ಸುಮ್ಮನಿರಿ ಮಾರಾಯ್ರೆ" ಎಂದರು ಸದಸ್ಯರು, ತಲೆ ಎತ್ತದೆ.

ಕೆಲವು ತಿಂಗಳ ಮೇಲೆ ಅವರು ಸದನದಲ್ಲಿ ಅದೇ ಮಾತನ್ನು ಹೆಚ್ಚುಕಡಿಮೆ ಅವಳ ಶಬ್ದಗಳಲ್ಲೇ ಆಡಿದರು. ಕಾನೂನು ಬರಲು ಇನ್ನೂ ಕಾಲ ಹಿಡಿಯಿತು. ಆದರೆ ಸುದ್ದಿ ಊರಿಗೆ ಮುಟ್ಟಿದ್ದೇ, ನಮ್ಮ ಕಂತ್ರಾಟುದಾರ ಹೆದರಿ ತೆಗೆದಿಟ್ಟ ಬೀಡಿಗಳನ್ನು ಹಿಂದೆ ಕೊಡತೊಡಗಿದ. ವೇದಿಕೆ ತುರ್ತು ಸಭೆ ಸೇರಿ, ಕಾರ್ಯದರ್ಶಿಯ ಆಳವಾದ ಅಧ್ಯಯನಕ್ಕಾಗಿ ನನಗೆ ಹಾರ ಹಾಕಿತು. ನಾನು ಕೊರಳು ಬಗ್ಗಿಸಿದೆ. ಪತ್ರಿಕೆಗೆ ವರದಿಯನ್ನೂ ನಾನೇ ಬರೆದು ಕಳಿಸಿದೆ.

ಅದು ಅಚ್ಚಾದ ದಿನ ಜಗಲಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಅಪ್ಪಿಯಕ್ಕ ಕೈ ನಿಲ್ಲಿಸಿ ಕೊನೆಯವರೆಗೂ ಕೇಳಿದಳು.

"ಅದರಲ್ಲಿ ನನ್ನ ಹೆಸರು ಉಂಟಾ ಮಾಷ್ಟ್ರೇ?"

"ಈ ಪತ್ರಿಕೆಯವರು ಹಾಗೆಯೇ ಅಪ್ಪಿಯಕ್ಕ," ಎಂದೆ ನಾನು, "ಜಾಗ ಇಲ್ಲ ಅಂತ ಮುಖ್ಯವಾದದ್ದನ್ನೇ ಬಿಟ್ಟುಬಿಡ್ತಾರೆ."