ಜೋಳದಕ್ಕ ಹೊರದೇಶದವಳಾದ ಬಗೆ

ನಾಗರಿಕರ ಸೊಂಟದ ಸುತ್ತಳತೆ ಕಳವಳಕಾರಿ ಮಟ್ಟ ತಲುಪಿದೆ ಎಂದು ನಗರಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು. ಕೈ ಎತ್ತಿದ ಸದಸ್ಯರಲ್ಲಿ ಕೆಲವರನ್ನು ಸಭೆ ಮುಗಿದ ಮೇಲೆ ಕುರ್ಚಿಯಿಂದ ಬಿಡಿಸಲು ಸಿಬ್ಬಂದಿಯ ನೆರವು ಬೇಕಾಯಿತು, ಅದು ಬೇರೆ ಮಾತು. ಕೂಡಲೇ ಒಂದು ಸಮಿತಿ ನೇಮಕವಾಗಿ, ಬೀದಿಯಲ್ಲಿ ನಿಂತು ತಿನ್ನಬಹುದಾದ ಆರೋಗ್ಯಕರ ತಿನಿಸುಗಳನ್ನು ಅರಸಿ ಕುಟುಂಬಸಮೇತ ದೇಶದೇಶ ಸುತ್ತಿ ಬಂತು. ಸಮಯದ ಅಭಾವದಿಂದ ಸ್ವಂತ ಊರಿನ ಬೀದಿಗೆ ಮಾತ್ರ ಹೋಗಲಾಗಲಿಲ್ಲವೆಂದು ವರದಿಯ ಕೊನೆಯಲ್ಲಿ ವಿಷಾದವನ್ನೂ ವ್ಯಕ್ತಪಡಿಸಿತು.

ವರದಿಯ ಫಲವಾಗಿ ಅಂಚೆ ಕಚೇರಿಯ ಬೀದಿಗೆ 'ವಿಶ್ವ ಆರೋಗ್ಯ ತಿನಿಸು ಬೀದಿ' ಎಂದು ನಾಮಕರಣವಾಯಿತು. ಸಮಿತಿಯ ಪಟ್ಟಿಯಲ್ಲಿರುವ ತಿನಿಸಿಗೆ ಮಾತ್ರ ಅಲ್ಲಿ ಜಾಗ. ಉಳಿದ ಗಾಡಿಗಳು ಊರಾಚೆಯ ಮೈದಾನಕ್ಕೆ ಹೋಗತಕ್ಕದ್ದು. ಅಲ್ಲಿಗೆ ಬರುವ ಗಿರಾಕಿಗಳೆಂದರೆ ಕಾಗೆಗಳು.

ಸುದ್ದಿ ಜೋಳದಕ್ಕನ ಕಿವಿಗೂ ಬಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಅಂಚೆ ಕಚೇರಿಯ ಮೂಲೆಯ ಮರದಡಿ ಬೇಯಿಸಿದ ಜೋಳದ ತೆನೆ ಮಾರುತ್ತಿದ್ದಳು. ಪಕ್ಕದ ಬಾಯ್ದೆರೆದ ಚರಂಡಿಗೆ ಚಪ್ಪಡಿ ಹಾಕಿಸಿ ಎಂದು ನಗರಸಭೆಗೆ ಅಲೆದೂ ಅಲೆದೂ ಚಪ್ಪಲಿ ಸವೆದಿತ್ತು. ನಾರಲಿ ಬಿಡಲಿ, ಅವಳ ಅನ್ನ ಅದೇ ಮೂಲೆಯಲ್ಲಿತ್ತು. ಮನೆಯಲ್ಲಿ ಗಂಡ ಇದ್ದ, ನಿಜ. ಆದರೆ ಅವನು ಇದ್ದದ್ದು ಮನೆಯಲ್ಲಿ ಮಾತ್ರ.

ಆರೋಗ್ಯ ನಿರೀಕ್ಷಕ ಪಟ್ಟಿ ಹಿಡಿದು ಬಂದ.

"ಏನೇ, ಏನು ಹಾಕ್ತೀಯ ಇದಕ್ಕೆ?"

"ಏನ್ ಹಾಕ್ಲಿ ಸಾರ್, ನೀರಲ್ಲಿ ಬೇಯಿಸ್ತೀನಿ. ಉಪ್ಪು, ಖಾರದ ಪುಡಿ ಸವರಿ, ಮೇಲೆ ನಿಂಬೆಹಣ್ಣು ಉಜ್ತೀನಿ."

"ಎಣ್ಣೆ?"

"ಎಣ್ಣೆ ರೇಟು ಕೇಳಿದೀರಾ ನೀವು?"

ನಿರೀಕ್ಷಕ ಪಟ್ಟಿಯ ಮೇಲೆ ಬೆರಳಾಡಿಸಿದ. ಮುಖ ಅರಳಿತು. "ಜೋಳ, ಖಾರ, ನಿಂಬೆ. ಇದು ಮೆಕ್ಸಿಕೋದ್ದು!"

"ಅಯ್ಯೋ, ಇಲ್ಲ ಸಾರ್. ನಮ್ಮತ್ತೆ ಹೇಳಿಕೊಟ್ಟಿದ್ದು."

"ನಿಮ್ಮತ್ತೆ ಪಟ್ಟಿಯಲ್ಲಿಲ್ಲ."

ಇನ್ನೊಂದು ತೊಡಕಿತ್ತು. ತಿನಿಸಿನ ಅಸಲಿತನ ಕಾಪಾಡುವ ಸಲುವಾಗಿ ಆಯಾ ದೇಶದ ತಿನಿಸನ್ನು ಆಯಾ ದೇಶದವರೇ ಮಾರತಕ್ಕದ್ದೆಂದು ನಿಯಮವೇ ಇತ್ತು.

"ನಾನು ಹಿಟ್ಟಿನ ಗಿರಣಿ ಹಿಂದಿನ ಓಣೀಲಿ ಹುಟ್ಟಿದೋಳು ಸಾರ್!"

"ಶ್, ಮೆಲ್ಲಗೆ! ನಾಳಿದ್ದು ಉದ್ಘಾಟನೆ, ಇನ್ನೂ ಒಬ್ಬ ವಿದೇಶೀನೂ ಸಿಕ್ಕಿಲ್ಲ. ನಿನಗೆ ಮೂಲೆ ಬೇಕೋ, ಓಣಿ ಬೇಕೋ?"

ಜೋಳದಕ್ಕ ಮೂಲೆ ಎಂದಳು. ಸಂಜೆಯೊಳಗೆ ಅವಳು ಮೆಕ್ಸಿಕೋದವಳಾಗಿ ದಾಖಲಾದಳು. ಪಕ್ಕದ ಗಾಡಿಯ ಸುಟ್ಟ ಗೆಣಸಿನಣ್ಣ ಇದೇ ರೀತಿ ಜಪಾನಿನವನಾದ.

ಉದ್ಘಾಟನೆಯ ದಿನ ನಗರಸಭೆಯ ಅಧ್ಯಕ್ಷರು ಅವಳಿಗೆ ಕೈಮುಗಿದು ಕೇಳಿದರು, "ನಮ್ಮ ಊರು ಹೇಗನ್ನಿಸ್ತು ತಮಗೆ?"

ಜೋಳದಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಚರಂಡಿ ನಾರುತ್ತೆ," ಎಂದಳು.

ಹೊರದೇಶದವರ ಮುಂದೆ ಊರಿನ ಮಾನ ಹರಾಜಾಯಿತಲ್ಲ ಎಂದು ಅಧ್ಯಕ್ಷರು ಬೆವೆತರು. ಮಾರನೆಯ ಬೆಳಿಗ್ಗೆ ಚರಂಡಿಗೆ ಚಪ್ಪಡಿ ಬಿತ್ತು. ಜೊತೆಗೊಂದು ಕೊಡೆ, ಒಂದು ಕುರ್ಚಿ. ನಿರೀಕ್ಷಕ ಗಾಡಿಯ ಮುಂದೆ ನಿಂತು "ತಮಗೆ ಬಿಸಿಲು ಒಗ್ಗುತ್ತಾ ಮೇಡಂ?" ಎಂದು ವಿಚಾರಿಸಿದ. ತಿಂದ ತೆನೆಗೆ ಜೀವಮಾನದಲ್ಲಿ ಮೊದಲ ಸಲ ಕಾಸನ್ನೂ ಕೊಟ್ಟ. ಆದ್ದರಿಂದ ನಾವೂ ಇನ್ನು ಮುಂದೆ ಅವಳನ್ನು ಅವರು ಎನ್ನುವುದು ಸೂಕ್ತ.

ವಿದೇಶಿಯರು ಊರಿನಲ್ಲಿ ತಂಗಲು ಸ್ಥಳೀಯರೊಬ್ಬರ ಜಾಮೀನು ಕಡ್ಡಾಯ. ಅತ್ತೆಯೇ ಬಂದು ಸಂಭ್ರಮದಿಂದ ಹೆಬ್ಬೆಟ್ಟು ಒತ್ತಿದರು. "ಇನ್ನು ಎದುರು ಮಾತಾಡು ನೋಡೋಣ! ನಿನ್ನ ದೇಶಕ್ಕೆ ವಾಪಸ್ ಅಟ್ಟಿಬಿಡ್ತೀನಿ!" ಎಂದರು. ಆದರೂ ಮನೆಗೆ ಬಂದ ಅತಿಥಿಯೆಂದು ಆ ರಾತ್ರಿ ಮೊದಲ ತಟ್ಟೆಯನ್ನು ಸೊಸೆಗೇ ಬಡಿಸಿದರು. ಸೊಸೆಗೆ ಅರ್ಥವಾಗಲೆಂದು ಜೋರಾಗಿ, ನಿಧಾನವಾಗಿ ಮಾತಾಡತೊಡಗಿದರು. ಪರದೇಶದವರು ಏನಂದುಕೊಂಡಾರು ಎಂದು ಗಂಡ ಪಾತ್ರೆ ತೊಳೆದ. ಹಿತ್ತಲಿಗೆ ಹೋಗಿ ಜೋಳದಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಕೊನೆಗೆ ಯಾಕೋ ಸ್ವಲ್ಪ ಅತ್ತರು ಕೂಡ.

ಕೆಲವು ತಿಂಗಳ ತರುವಾಯ ಸಮಿತಿಗೆ ಪ್ರಯಾಣ ಭತ್ಯೆ ಮಂಜೂರಾಗಿ ಅದು ಸ್ವಂತ ಊರಿನ ಬೀದಿಗೂ ಭೇಟಿ ಕೊಟ್ಟಿತು. ಇಲ್ಲಿನ ಬೇಯಿಸಿದ ಜೋಳವೂ ಆರೋಗ್ಯಕರವೇ ಎಂದು ಕಂಡುಹಿಡಿಯಿತು. ನಿರೀಕ್ಷಕ ಓಡೋಡಿ ಬಂದ.

"ಮೇಡಂ, ಸಿಹಿ ಸುದ್ದಿ! ತಾವು ಮತ್ತೆ ಈ ಊರಿನವರಾಗಬಹುದು. ಮೂಲೆ ತಮ್ಮದೇ."

ಜೋಳದಕ್ಕ ಕುರ್ಚಿಯಲ್ಲಿ ಸರಿಯಾಗಿ ಕೂತರು. "ಈ ಕುರ್ಚಿ?"

"ಅದು ವಿದೇಶಿಯರ ಬಾಬ್ತು. ವಾಪಸ್ ಹೋಗುತ್ತೆ."

"ಚಪ್ಪಡಿ ಒಡೆದ್ರೆ?"

"ಸ್ಥಳೀಯರು ಅರ್ಜಿ ಕೊಡ್ಬೇಕು. ಸರದಿ ಪ್ರಕಾರ ನೋಡ್ತೀವಿ."

"ನನ್ನನ್ನ ಏನಂತ ಕರೀತೀರಿ?"

ನಿರೀಕ್ಷಕ ಪ್ರಾಮಾಣಿಕನಾಗಿದ್ದ. "ಮುಂಚೆ ಹೇಗೋ ಹಾಗೇ."

ಜೋಳದಕ್ಕ ಹಂಡೆಯ ಮುಚ್ಚಳ ತೆಗೆದು ಒಳ್ಳೆಯ ತೆನೆಯೊಂದನ್ನು ಆರಿಸಿದರು. "ಬೇಡ ಬಿಡಿ ಸಾರ್. ನಮ್ಮ ದೇಶದಲ್ಲೇ ಚೆನ್ನಾಗಿದೀನಿ."

ಈ ಉತ್ತರದಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಬದಲಿಗೆ, ಊರಿನವರೆಲ್ಲ ವಿದೇಶಿಯರಾಗಲು ಸಾಲುಗಟ್ಟಿದ್ದರಿಂದ ನಗರಸಭೆ ಅದಕ್ಕೆಂದೇ ಒಂದು ಕಿಟಕಿ ತೆರೆಯಬೇಕಾಯಿತು. ನಲ್ಲಿಯಲ್ಲಿ ನೀರು ಬಾರದವರಿಗೆ, ಬೀದಿ ದೀಪ ಉರಿಯದವರಿಗೆ ಆದ್ಯತೆ ಎಂದು ಫಲಕವೂ ಬಂತು.

ಒಂದು ಮಧ್ಯಾಹ್ನ ನಿರೀಕ್ಷಕ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಅತ್ತಿತ್ತ ನೋಡಿ, ಗಾಡಿಯ ಹತ್ತಿರ ಬಗ್ಗಿದ.

"ಮೇಡಂ, ನಮ್ಮನೆ ಮುಂದಿನ ಚರಂಡೀನೂ ತೆರೆದೇ ಇದೆ. ಮಗು ಬೇರೆ ಚಿಕ್ಕದು. ತಮ್ಮ ದೇಶದಲ್ಲಿ ನಮಗೂ ಒಂದಿಷ್ಟು ಜಾಗ..."

ಜೋಳದಕ್ಕ ತೆನೆಗೆ ನಿಂಬೆಹಣ್ಣು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಅರ್ಜಿ ಕೊಟ್ಟು ಹೋಗಪ್ಪಾ," ಎಂದರು. "ಸರದಿ ಪ್ರಕಾರ ನೋಡೋಣ."