ಅಳಿಸುವ ಅತ್ತೆಯ ರೊಟ್ಟಿಗಂಟು

ನಮ್ಮ ಸೋದರತ್ತೆಗೆ ಒಂದು ಕೆಟ್ಟ ಚಟವಿತ್ತು: ಜನರನ್ನು ಅಳಿಸುವುದು! ಮನೋವೈದ್ಯನಾಗಿ ಇಷ್ಟು ವರ್ಷ ಕಳೆದರೂ, ಈ ವಿದ್ಯೆಯಲ್ಲಿ ನನ್ನ ಮೊದಲ ಗುರು ಅವಳೇ ಎಂದು ನಾನು ಎಲ್ಲೂ ಬಾಯಿಬಿಟ್ಟಿಲ್ಲ. ಬಿಟ್ಟರೆ ನನ್ನಲ್ಲಿಗೆ ಬರುವವರು ಚಪ್ಪಲಿ ಅಲ್ಲೇ ಬಿಟ್ಟು ಓಡಿಯಾರು.

ಐವತ್ತರ ದಶಕದ ಮಾತು. ಸಿಂದಗಿಯಲ್ಲಿ ಅವಳ ಮನೆಯಲ್ಲಿದ್ದು ನಾನು ಹೈಸ್ಕೂಲು ಓದುತ್ತಿದ್ದೆ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು, ಬೀಗರು ರೊಟ್ಟಿ ಕಟ್ಟಿಕೊಂಡು ಹೋಗುತ್ತಾರೆ. ಉಳಿದವರು ಹೋಗಿ ಸಮಾಧಾನ ಹೇಳಿದರೆ ಅತ್ತೆ ಹೋಗಿ ಜಗಳ ತೆಗೆಯುತ್ತಿದ್ದಳು! ಅತ್ತು ಹಗುರಾದವರ ತಂಟೆಗೆ ಹೋಗುತ್ತಿರಲಿಲ್ಲ. ಅಳದೆ ಕಲ್ಲಾಗಿ ಕೂತವರೇ ಬೇಕು ಅವಳಿಗೆ.

ನಮ್ಮ ಓಣಿಯಲ್ಲಿ ಟಾಂಗಾ ಹೊಡೆಯುವ ಸಾಹೇಬರೊಬ್ಬರಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅನ್ನನೀರು ಬಿಟ್ಟು ಗೋಡೆ ನೋಡುತ್ತ ಕೂತರು. ಅತ್ತೆ ಅವರೆದುರು ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ಇಟ್ಟು ಶುರು ಮಾಡಿದಳು.

"ನಿನ್ನ ಹೇಣ್ತಿ ಕುಟ್ಟಿದ ಶೇಂಗಾ ಹಿಂಡಿ ಬಾಯಾಗ ಇಡಾಕ ಬರ್ತಿದ್ದಿಲ್ಲ ಬಿಡು."

ಸಾಹೇಬರು ತಟ್ಟನೆ ತಿರುಗಿದರು. "ಏನಂದ್ರಿ ಅಕ್ಕಾ? ಇಡೀ ಸಿಂದಗ್ಯಾಗ ಅಂಥಾ ಹಿಂಡಿ ಯಾರ ಕುಟ್ಟತಿದ್ರು, ಹೇಳ್ರಿ! ಇನ್ನ ನನಗ ಯಾರ..."

ಮಾತು ಮುಗಿಯಲಿಲ್ಲ, ಬಿಕ್ಕಿ ಬಿಕ್ಕಿ ಅತ್ತರು. ಅತ್ತೆ ಅಳು ಇಳಿಯುವವರೆಗೆ ಕಾದು ಗಂಟು ಬಿಚ್ಚಿದಳು. "ಹೂಂ, ಈಗ ಉಣ್ಣು."

ಪ್ರತಿ ಸಲವೂ ಹೀಗೇ ಆಗುತ್ತಿತ್ತು ಅಂದುಕೊಳ್ಳಬೇಡಿ! ಇಂಡಿ ಊರಿನ ಸಂಬಂಧಿಕನೊಬ್ಬ ತನ್ನ ಚಿಕ್ಕಪ್ಪ ಸತ್ತರೂ ಅಳಲಿಲ್ಲವೆಂದು ಬಸ್ಸು ಹತ್ತಿ ಹೋಗಿ, ಸತ್ತವನನ್ನು ಜಿಪುಣ, ಜಗಳಗಂಟ ಎಂದೆಲ್ಲ ಬೈದಳು. ಅವನು ಮುಖವರಳಿಸಿ, "ಖರೇ ಅಂದ್ರಿ ನೋಡ್ರಿ! ಇನ್ನೂ ಒಂದೀಟು ಐತಿ, ಕೇಳ್ರಿ" ಎಂದು ತಾನೂ ಸೇರಿ ಬೈದ. ಅತ್ತೆ ರೊಟ್ಟಿಗಂಟು ವಾಪಸು ತಂದಳು. "ಅವಗ ಹಸಿವಿ ಚಲೋ ಐತಿ. ತಾನ ಮಾಡ್ಕೊಂಡು ಉಣ್ತಾನ."

ಆಮೇಲೆ ಅವಳ ಮನೆಗೇ ಸಾವು ಬಂತು. ಮನಗೂಳಿಗೆ ಕೊಟ್ಟಿದ್ದ ಒಬ್ಬಳೇ ಮಗಳು ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ.

ಅತ್ತೆ ಅಳಲಿಲ್ಲ. ಹಚ್ಚಬಾರದ ಒಲೆ ಹಚ್ಚಿ, ಮಾತಾಡಿಸಲು ಬಂದವರಿಗೆಲ್ಲ ರೊಟ್ಟಿ ಬಡಿಯುತ್ತ ಕೂತಳು. ತಾನು ಮಾತ್ರ ತುತ್ತು ಮುಟ್ಟಲಿಲ್ಲ. ದಿನದಿಂದ ದಿನಕ್ಕೆ ಬಳೆಗಳು ಮೊಣಕೈಯತ್ತ ಜಾರತೊಡಗಿದವು. ಮಾವ ಕೈಮುಗಿದ, ನಾನು ಕಾಲು ಹಿಡಿದೆ. "ಉಣ್ರಿ, ಆರ್ತಾವ" ಎಂದಳು. ಇವಳೂ ಹೋಗಿಬಿಡುತ್ತಾಳೆ ಎಂದು ನನಗೆ ಭಯವಾಯಿತು. ಊರನ್ನೆಲ್ಲ ಅಳಿಸಿದವಳನ್ನು ಅಳಿಸುವವರು ಯಾರು?

ಒಂದು ಮಧ್ಯಾಹ್ನ ಟಾಂಗಾ ಸಾಹೇಬರು ಬಂದು ಒಲೆಯ ಎದುರಿಗೇ ಕೂತರು.

"ಅಕ್ಕಾ, ನಿನ್ನ ಮಗಳ ಬಾಯಿ ಭಾಳ ಇತ್ತ ಬಿಡು. ಟಾಂಗಾ ಏರಿದ್ರ ಮನಿ ಮುಟ್ಟೂತನಕ ವಟವಟ. ನನ್ನ ಕುದುರಿಗೂ ತಲಿ ನೋಯ್ತಿತ್ತು."

ಬಡಿಯುತ್ತಿದ್ದ ಕೈ ನಿಂತಿತು. ಮಾವನ ಮುಖ ಬಿಳುಚಿತು. ಅತ್ತೆ ಹಿಟ್ಟಿನ ಕೈಯಲ್ಲೇ ಎದ್ದಳು.

"ಯಾರಿಗಂದಿ? ನನ್ನ ಮಗಳಿಗ? ಆಕಿ ಮಾತಾಡಿದ್ರ ಈ ಮನಿ ತುಂಬತಿತ್ತೋ! ಈಗ ನೋಡ, ಹೆಂಗ ಬಣಬಣ ಅಂತೈತಿ..."

ಅಲ್ಲೇ ಕುಸಿದಳು. ಅವಳು ಅತ್ತ ಅಳು ಓಣಿಗೆಲ್ಲ ಕೇಳಿಸಿತು. ಸಾಹೇಬರೂ ಕಣ್ಣೊರೆಸಿಕೊಳ್ಳುತ್ತ ತಾವು ತಂದಿದ್ದ ವಸ್ತ್ರದ ಗಂಟು ಬಿಚ್ಚಿದರು. ಒಳಗೆ ಅವರ ಕೈಯಾರೆ ಬಡಿದ, ಅರ್ಧ ಸುಟ್ಟ ಸೊಟ್ಟ ರೊಟ್ಟಿಗಳು. "ಹೂಂ, ಈಗ ಉಣ್ಣ ಅಕ್ಕಾ." ಅತ್ತೆ ಮುರಿದು ಬಾಯಿಗಿಟ್ಟುಕೊಂಡಳು.

ಈಗ ದಿನವಿಡೀ ಊರ ದುಃಖ ಕೇಳುವುದು ನನ್ನ ಕಸುಬು. ಕೆಲವು ಸಂಜೆ ಮನೆಗೆ ಬಂದು ಗೋಡೆ ನೋಡುತ್ತ ಕೂತುಬಿಡುತ್ತೇನೆ. ಹೆಂಡತಿ ಪಕ್ಕದಲ್ಲಿ ಕೂತು ಮೆಲ್ಲಗೆ ಅನ್ನುತ್ತಾಳೆ: "ನಿಮ್ಮ ಅತ್ತಿ ರೊಟ್ಟಿ ಭಾಳ ದಪ್ಪ ಇರ್ತಿದ್ದುವಂತ, ಹೌದ್ರೀ?"

ಅವಳ ಯುಕ್ತಿ ನನಗೆ ಗೊತ್ತು. ಆದರೂ ಪ್ರತಿ ಸಲ ಜಗಳಕ್ಕೆ ನಿಲ್ಲುತ್ತೇನೆ. "ಯಾರ ಹೇಳಿದ್ರ ನಿನಗ? ಹಾಳಿಯಷ್ಟು ತೆಳ್ಳಗ ಬಡೀತಿದ್ಲು ನಮ್ಮತ್ತಿ..." ಅಷ್ಟರಲ್ಲಿ ಅತ್ತುಬಿಡುತ್ತೇನೆ. ಹೆಂಡತಿ ಎದ್ದು ಹೋಗಿ ತಾಟು ತರುತ್ತಾಳೆ.