ಬಡದು ನೋಡಿ ಒಪ್ಪಿದ ಮನಿ

ಮನಿ ಹುಡುಕೋದು ಏನ್ ದೊಡ್ಡ ವಿದ್ಯಾ ಅಲ್ಲ. ಮೂರನೇ ಇಯತ್ತೆ ಓದಿದ ನಾನು ಒಂದೇ ದಿನದಾಗ ಕಲಬುರಗಿ ಶಹರದಾಗ ಮಗಳಿಗೆ ಬಾಡಿಗಿ ಮನಿ ಹುಡುಕಿ ಕೊಟ್ಟೀನಿ. ಹ್ಯಾಂಗ ಅಂತ ಮಾತ್ರ ಕೇಳಬ್ಯಾಡ್ರಿ. ಕೇಳಿದ್ರ ಹೇಳೇ ಬಿಡ್ತೀನಿ.

ನಮ್ಮ ಅಳಿಯ ಶರಣಸಿರಸಗಿ ಹೊಸ ಲೇಔಟಿನಾಗ ಮನಿ ನೋಡಿ ಬಂದಿದ್ದ. "ಗಾಳಿ ಛಲೋ ಅದ ಅತ್ತಿ" ಅಂದ. ಗಾಳಿ ತಗೊಂಡು ನಾ ಏನ್ ಮಾಡ್ಲಿ? ನಾ ಇರೋದು ಕಮಲಾಪುರದಾಗ. ಶರಣಸಿರಸಗಿ ಅಂದ್ರ ಶಹರದ ಆ ಕಡಿ ತುದಿ. ಬಸ್ ಇಳಿದು, ಆಟೋ ಹಿಡಿದು ನಾ ಮುಟ್ಟೂದ್ರಾಗ ಏಳು ತಿಂಗಳ ಮೊಮ್ಮಗಳು ಮಲಗಿರ್ತಾಳ. ಮಲಗಿದ ಕೂಸು ನೋಡಿ ವಾಪಸ್ ಬರೋದು ಯಾವ ಅಜ್ಜಿ ಹಣೇಬರಹದಾಗೂ ಬ್ಯಾಡ.

"ಒಂದ ದಿನ ವಾಯಿದೆ ಕೊಡಪಾ. ಕಮಲಾಪುರ ಬಸ್ ನಿಲ್ಲೂ ಕಡಿ ನಾನೇ ಹುಡುಕ್ತೀನಿ" ಅಂದೆ.

ಹುಮನಾಬಾದ ರೋಡಿನ ಮೊದಲನೇ ಮನಿ ಮಾಲಕರು ಕೇಳಿದ್ರು: "ರೊಟ್ಟಿ ಬಡೀತೀರೇನ್ರೀ?"

"ಬಡೀಲಾರದ ತಿನ್ನೋದು ಹ್ಯಾಂಗ್ರೀ?"

"ಕೆಳಗ ನಮ್ಮ ತಲಿ ಮ್ಯಾಲ ಬಡದಂಗ ಆಗ್ತದ. ಚಪಾತಿ ಮಾಡೋರಿದ್ರ ಹೇಳ್ರಿ."

ಚಪ್ಪಲಿ ಮೆಟ್ಟಿದೆ. ಇನ್ನ ಮುಂದ ರೊಟ್ಟಿ ಬಡದು ನೋಡಿಯೇ ಮನಿ ಒಪ್ಪತಕ್ಕದ್ದು ಅಂತ ಅಲ್ಲೇ ಠರಾವು ಪಾಸ್ ಮಾಡಿದೆ.

ಎರಡನೇ ಗಲ್ಲಿಯಾಗ ಗೇಟಿಗಿ ಒಂದು ಬೋರ್ಡ್. ಅಕ್ಷರ ಕೂಡಿಸಿ ಓದಿದೆ: "ಮನೆ ಬಾಡಿಗೆಗೆ ಇದೆ." ಬಾಗಲ ತೆರದಿತ್ತು. ಕೂಗಿದೆ, ಯಾರೂ ಓ ಅನ್ಲಿಲ್ಲ. ಒಳಗ ಹೋದೆ. ಗ್ಯಾಸ್ ಮ್ಯಾಲ ಹಂಚು, ಪರಾತದಾಗ ನಾದಿದ ಜೋಳದ ಹಿಟ್ಟು. ಬಿಟ್ಟು ಹೋಗೋರು ಇನ್ನೂ ಸಾಮಾನು ಕಟ್ಟಿಲ್ಲ ಅನ್ಕೊಂಡೆ. ಸೆರಗು ಸಿಗಿಸಿದೆ. ಗ್ಯಾಸ್ ಹಚ್ಚಿದೆ. ಬಡದೆ. ಕಟ್ಟಿ ಅಲುಗಾಡ್ಲಿಲ್ಲ. ಖಾತ್ರಿಗಿ ಇನ್ನೂ ಮೂರು ಬಡದೆ.

ಹಿತ್ತಲದಿಂದ ಒಣಗಿದ ಬಟ್ಟಿ ಹೊತ್ಕೊಂಡು ಒಬ್ಬಾಕಿ ಬಂದು ಹಂಗೇ ನಿಂತಳು.

"ಯಾರ್ರೀ ನೀವು?"

"ಮನಿ ನೋಡಾಕ ಬಂದೀನ್ರೀ. ಅಡಗಿಮನಿ ಪಾಸ್. ನೀವು ಯಾವಾಗ ಖಾಲಿ ಮಾಡ್ತೀರಿ?"

"ನಾ ಕಟ್ಟಿಸಿದ ಮನಿ ನಾ ಯಾಕ ಖಾಲಿ ಮಾಡ್ಲಿ?"

ಬೋರ್ಡಿನ ಮೊದಲನೇ ಶಬ್ದ 'ಮೇಲಿನ' ಅಂತಿತ್ತಂತ. ಅದರ ಮ್ಯಾಲ ಅವರದೇ ಟವೆಲ್ ಒಣಾ ಹಾಕಿದ್ರು. ತಪ್ಪು ಟವೆಲ್ಲಿಂದು.

ನಾ ಕೈ ತೊಳಕೊಳ್ಳೂದ್ರಾಗ ಆಕಿ ಗಂಡ ಊಟಕ್ಕ ಬಂದ. ರೊಟ್ಟಿ ಮುರದು ಬಾಯಾಗ ಇಟ್ಟು ಹೆಂಡ್ತಿಗಿ ಅಂದ: "ಏನಿವತ್ತು, ರೊಟ್ಟಿ ನಮ್ಮವ್ವ ಮಾಡಿದಂಗ ಆಗ್ಯಾವಲ್ಲ!"

ಆಕಿ ಬಟ್ಟಿ ಗಂಟು ಕೆಳಗ ಒಗದ್ಲು. ನಾ ಬಾಗಲ ಕಡಿ ಸರದೆ.

ವಿಷಯ ತಿಳದ ಮ್ಯಾಲೂ ಗಂಡ ನನ್ನ ಬಿಡಲಿಲ್ಲ. ಮ್ಯಾಲಿನ ಮನಿ ಕೀಲಿಕೈ ತಂದು ಕೈಯಾಗ ಇಟ್ಟ. ರೊಟ್ಟಿ ಸಪ್ಪಳದ ಮಾತು ತೆಗದೆ. "ಬಡೀರಿ ಅಮ್ಮಾ" ಅಂದ ಮೆತ್ತಗ, "ಸಪ್ಪಳ ಕೇಳ್ಕೋತ ಉಂಡೇನು."

ಹೆಂಡ್ತಿದು ಒಂದೇ ಶರತ್ತು: "ಮನಿ ಕೊಡ್ತೇವ್ರಿ. ನಿಮ್ಮ ರೊಟ್ಟಿ ಮಾತ್ರ ಮೆಟ್ಟಲ ಇಳೀಬಾರದು."

ಗೆದ್ದೆ! ಈಗ ಬಸ್ ಇಳಿದ್ರ ಗಲ್ಲಿ, ಗಲ್ಲಿ ಹೊಕ್ಕರ ಮೊಮ್ಮಗಳು. ಕಣ್ಣು ತೆರಕೊಂಡೇ ಇರ್ತಾಳ, ನನ್ನ ನೋಡಿ ಎರಡ ಹಲ್ಲಿನಾಗ ನಗ್ತಾಳ. ವಾರಕ್ಕೊಮ್ಮೆ ಬರ್ತೇನಿ ಅಂದಾಕಿ ದಿನ ಬಿಟ್ಟು ದಿನ ಬಂದೆ, ಈಗ ದಿನಾ. ಕಂಡಕ್ಟರ್ ಆಧಾರ್ ಕಾರ್ಡ್ ಕೇಳೋದು ಬಿಟ್ಟು ಕೂಸಿನ ಹಲ್ಲು ಎಷ್ಟಾದವು ಅಂತ ಕೇಳ್ತಾನ. ಹೋದ ವಾರ ನನ್ನ ಹಾಸಿಗಿನೂ ತಂದಿಟ್ಟೆ.

ಮೊನ್ನೆ ಅಳಿಯ ಮಗಳಿಗಿ ಪಿಸುಗುಟ್ಟಿದ್ದು ಕಿವಿಗಿ ಬಿತ್ತು:

"ಶರಣಸಿರಸಗಿ ಮನಿ ಇನ್ನೂ ಖಾಲಿ ಅದ ಏನು, ಕೇಳಿ ನೋಡ್ಲಾ?"